ಗೊಂಬೆಯ ಹೊಟ್ಟೆಗೆ ಮಜ್ಜಿಗೆ

ಬಿಳಿಗೆರೆಯ ಸಿದ್ದಮಲ್ಲಪ್ಪನವರ ಮುಖ ನಂಜನಗೂಡಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕಾರಣ ಇಷ್ಟೇ: ಪ್ರಾಯದಿಂದಲೂ ಅವರು ಮೆರವಣಿಗೆಯಲ್ಲಿ ಬಂದದ್ದೆಲ್ಲ ಗಾರುಡಿ ಗೊಂಬೆಯ ಒಳಗೆ. ಬಿದಿರಿನ ಆ ದೊಡ್ಡ ಗೊಂಬೆಯನ್ನು ಹೆಗಲ ಮೇಲೆ ಹೊತ್ತು, ಅದರ ಹೊಟ್ಟೆಯ ಕಿಂಡಿಯಿಂದ ದಾರಿ ನೋಡುತ್ತಾ ಕುಣಿಯಬೇಕು. ಒಳಗಿದ್ದವರು ಉಸಿರೆತ್ತಕೂಡದು. ಗೊಂಬೆಯೊಳಗಿಂದ ಗಂಡಸಿನ ದನಿ ಬಂದರೆ ಮಕ್ಕಳು ನಂಬುವುದನ್ನು ಬಿಡುತ್ತಾರೆ ಅಂತ ಅವರ ಕಟ್ಟುನಿಟ್ಟು.

ಮದುವೆಯಾದ ಹೊಸತರಲ್ಲಿ ಹೆಂಡತಿ ಚನ್ನಾಜಮ್ಮ ಮೆರವಣಿಗೆಯ ಪಕ್ಕದಲ್ಲೇ ನಡೆದು, ಆ ಕಿಂಡಿಯಲ್ಲಿ ಕೈ ತೂರಿಸಿ ಮಜ್ಜಿಗೆ ಲೋಟ ಕೊಡುತ್ತಿದ್ದರಂತೆ. ಹೋದ ವರ್ಷ ಸಿದ್ದಮಲ್ಲಪ್ಪನವರ ಎಡಮಂಡಿ ಕೈಕೊಟ್ಟಿತು. ಇನ್ನು ಗೊಂಬೆ ಹೊರುವುದಿಲ್ಲ ಅಂತ ಚನ್ನಾಜಮ್ಮ ಆಣೆ ಮಾಡಿಸಿಕೊಂಡರು. ಅಂದಿನಿಂದ ಆ ಮನುಷ್ಯ ಮಂಕು ಬಡಿದವರಂತೆ ಜಗಲಿ ಮೇಲೆ ಕೂತುಬಿಟ್ಟರು. ನೋಡಿದರೆ ಸಂಕಟವಾಗುತ್ತಿತ್ತು.

ಈ ಸಲ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಜಗತ್ತಿನ ಕಾರ್ನಿವಲ್‌ಗಳನ್ನು ತೋರಿಸುವುದೆಂದು ಗೊತ್ತಾಯಿತು. ವೆನಿಸ್ಸಿನ ಮುಖವಾಡ ಏಳನೇ ಕ್ಲಾಸಿಗೆ ಹೋಯಿತು. ಟ್ರಿನಿಡಾಡಿನ ಸ್ಟೀಲ್ ಡ್ರಮ್ಮು ಸಿಕ್ಕ ಎಂಟನೆಯವರು ಬಿಸಿಯೂಟದ ಪಾತ್ರೆಗಳನ್ನೆಲ್ಲ ಸೊಟ್ಟ ಮಾಡಿದರು. ಸಮಾಜ ಪಾಠದ ಟೀಚರ್ ಆದ ನನ್ನ ತಲೆಗೆ ಬ್ರೆಜಿಲ್ ಬಿತ್ತು. ಅಲ್ಲಿನ ಒಲಿಂಡಾ ಎಂಬ ಊರಿನಲ್ಲಿ ಕಾರ್ನಿವಲ್ ಬಂತೆಂದರೆ ಆಳೆತ್ತರ ಮೀರಿದ ಗೊಂಬೆಗಳು ಬೀದಿಗಿಳಿದು ಕುಣಿಯುತ್ತವೆ. ಸಿದ್ದಮಲ್ಲಪ್ಪನವರಿಗೆ ಫೋನಿನಲ್ಲಿ ವಿಡಿಯೊ ತೋರಿಸಿದೆ. ಅವರು ಕಣ್ಣು ಕೀಳದೆ ನೋಡಿ, ಕೇಳಿದ್ದು ಒಂದೇ.

“ಒಳಗಿರೋನ್ಗೆ ಮಜ್ಜಿಗೆ ಯಾರ್ ಕೊಡ್ತಾರೆ ಮೇಡಂ?”

ಗೊಂಬೆ ಕಟ್ಟುವುದು ಅವರು, ಹೊರುವುದು ಪಿ.ಟಿ. ಮಾಸ್ತರು ಚೆಲುವರಾಜು ಅಂತ ಮಾತಾಯಿತು. ಚನ್ನಾಜಮ್ಮ ಒಪ್ಪಿದರು, ಆದರೂ ನಂಬಿಕೆ ಸಾಲದೆ ಕಾವಲಿಗೆ ಬಂದು ಮೊದಲ ಸಾಲಿನಲ್ಲೇ ಕೂತರು. ಗೊಂಬೆಗೆ ಗರಿಯ ಕಿರೀಟ, ಚಮಕಿ ಲಂಗ. ಎಷ್ಟು ಹೇಳಿದರೂ ಕೇಳದೆ ಬ್ರೆಜಿಲ್ ರಾಣಿಗೆ ಸಿದ್ದಮಲ್ಲಪ್ಪ ಮೂಗುತಿಯನ್ನೂ ಇಟ್ಟಿದ್ದರು.

ಚೆಲುವರಾಜು ಕಬಡ್ಡಿ ಆಡಿದ ಗಟ್ಟಿ ಆಳು. ಏನು ಪ್ರಯೋಜನ, ಅಂಗಳಕ್ಕಿಳಿದದ್ದೇ ತಡ ರಾಣಿ ವಾಲಿಕೊಂಡು ಹೋಗಿ ಶಾಮಿಯಾನದ ಕಂಬಕ್ಕೆ ಮುತ್ತಿಟ್ಟಳು. ಹೇಗೋ ಪರದೆಯ ಹಿಂದಕ್ಕೆ ಎಳೆದುಕೊಂಡೆವು. ಸಿದ್ದಮಲ್ಲಪ್ಪ ನನ್ನ ಮುಖ ನೋಡಿದರು, ನಾನು ಅವರ ಮಂಡಿ ನೋಡಿದೆ. ಬೇಡ ಅನ್ನುವಷ್ಟರಲ್ಲಿ ಅವರು ಲಂಗದೊಳಗೆ ನುಗ್ಗಿಯಾಗಿತ್ತು.

ಈ ಸಲ ಬಂದ ರಾಣಿಯ ಗತ್ತೇ ಬೇರೆ. ಭುಜ ಕುಣಿಸಿದಳು, ಗಿರಕಿ ಹೊಡೆದಳು, ಹೆಡ್ ಮಾಸ್ತರ ಬೋಳುತಲೆಯನ್ನು ಕೈಯಿಂದ ಸವರಿದಳು. ಮಕ್ಕಳು ಕೇಕೆ ಹಾಕಿ ನಕ್ಕರು. ನನಗೂ ಹಿಗ್ಗು ತಡೆಯಲಿಲ್ಲ. ಆದರೆ ಎಡಗಾಲಿಗೆ ಭಾರ ಬಿಡದೆ ರಾಣಿ ಸಣ್ಣಗೆ ಕುಪ್ಪಳಿಸುತ್ತಿದ್ದಳು. ಅದನ್ನು ನೋಡಿದ ಚನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಕೆಲಸ ಕೆಟ್ಟಿತು ಅಂದುಕೊಂಡೆ.

ಅವರು ಹೋದದ್ದು ಕ್ಯಾಂಟೀನಿಗೆ. ಮಜ್ಜಿಗೆ ಪ್ಯಾಕೆಟ್ ತಂದು, ಮೂಲೆ ಹಲ್ಲಲ್ಲಿ ಕಚ್ಚಿ, ಎಲ್ಲರ ಎದುರು ಅಂಗಳದ ನಡುವೆ ನಡೆದು ಬ್ರೆಜಿಲ್ ರಾಣಿಯ ಹೊಟ್ಟೆಯೊಳಗೆ ಕೈ ತೂರಿಸಿದರು.

“ಕುಡೀರಿ. ಮಂಡಿ ಇಚಾರ ಮನೇಲಿ ಮಾತಾಡ್ತೀನಿ.”

ಒಳಗಿದ್ದವರು ತಮ್ಮ ನಿಯಮ ಮುರಿಯಲಿಲ್ಲ. ರಾಣಿ ಗರಿಯ ಕಿರೀಟ ಬಾಗಿಸಿ ಚನ್ನಾಜಮ್ಮನಿಗೆ ನಮಸ್ಕರಿಸಿದಳು, ಅಷ್ಟೆ. ಕಿಂಡಿಯೊಳಗೆ ಹೋದ ಕೈ ಮಾತ್ರ ಬೇಗ ಹೊರಗೆ ಬರಲಿಲ್ಲ.