ಮಧುಸೂದನರ ಬಂದೂಕಿಗೆ ಶಾಂತಪ್ಪನ ಪರೀಕ್ಷೆ

ಲಂಡನ್ನಿನ ಗ್ರೀನ್‌ಫರ್ಡಿನ ತರಕಾರಿ ಗೋದಾಮಿನಲ್ಲಿ ಮಾಲು ತಪಾಸಣೆ ಮಾಡುವ ಬೆಳಗಾವಿಯ ಶಾಂತಪ್ಪ, ಯಾರ ಮಾಲನ್ನು ನೋಡಬೇಕೋ ಅವರ ಚಹಾ ಮುಟ್ಟುತ್ತಿರಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಅವ್ವ ಹೇಳಿದ್ದಳು. ಎಣಿಸುವುದೇ ಕಸುಬಾದ ಮೇಲೆ ಉಣ್ಣದಿರುವುದೊಂದೇ ದಾರಿ ಎಂದು ಮಗ ತೀರ್ಮಾನಿಸಿದ್ದ. ಹೀಗಾಗಿ ಲಾರಿಯವರೆಲ್ಲ ಅವನನ್ನು ಸೊಕ್ಕಿನವನೆಂದೇ ತಿಳಿದಿದ್ದರು.

ಹಾಗಲ್ಲವೆಂದು ಬಲ್ಲವರು ಹೆಂಡತಿ ಚನ್ನಬಸವ್ವ ಮತ್ತು ಕಿಂಗ್ಸ್‌ಬರಿಯ ಮಧುಸೂದನ್, ಇಬ್ಬರೇ. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದು ನೆಲೆಸಿದ್ದ ಮಧುಸೂದನ್ ಪ್ರತಿ ಭಾನುವಾರ ಅವನನ್ನು ಕಾರಿನಲ್ಲಿ ಹೇಸ್ ಬಳಿಯ ರೈಫಲ್ ಕ್ಲಬ್ಬಿಗೆ ಕರೆದೊಯ್ಯುತ್ತಿದ್ದರು. ಗುರಿ ತಪ್ಪಿದರೂ ಶಾಂತಪ್ಪನಿಗೆ ಬೇಸರವಿರಲಿಲ್ಲ. ದಾರಿಯುದ್ದಕ್ಕೂ ಸಿಗುವ ಕನ್ನಡದ ಹರಟೆ ತಪ್ಪಬಾರದು, ಅಷ್ಟೇ.

ಈಗ ಮಧುಸೂದನ್ ತಮ್ಮದೊಂದು ಬಂದೂಕನ್ನು ಕ್ಲಬ್ಬಿಗೆ ಮಾರಲು ಹೊರಟಿದ್ದರು. ಅದು ಮನೆಯಲ್ಲಿರಕೂಡದೆಂದು ಹೆಂಡತಿ ವತ್ಸಲಾ ಹಟ ಹಿಡಿದಿದ್ದರು. ರೂಪ ಮಹಾಯುದ್ಧದ ಜರ್ಮನ್ ಸಬ್‌ಮಷಿನ್ ಗನ್ನಿನದೇ. ಆದರೆ ನಾಗರಿಕರಿಗಾಗಿ ಮಾಡಿದ್ದು. ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು, ಅದೂ ಇಲ್ಲಿನ ಕಾನೂನು ಒಪ್ಪುವಷ್ಟು ಸಣ್ಣದು. ಕೊಳ್ಳಬಹುದೇ ಎಂದು ಪರೀಕ್ಷಿಸಿ ಹೇಳುವ ಕೆಲಸವನ್ನು ಕ್ಲಬ್ಬಿನ ಸಮಿತಿ ಶಾಂತಪ್ಪನಿಗೆ ಒಪ್ಪಿಸಿತು.

"ಹೆಣ್ಣು ನೋಡಾಕ ಹೊಂಟವರಂಗ ಇಸ್ತ್ರಿ ಅಂಗಿ ಯಾಕ?" ಎಂದು ಚನ್ನಬಸವ್ವ ಕೆಣಕಿದಳು. "ಚಲೋ ಐತಿ ಅಂತ ಹೇಳಿ ಬರ್ರಿ. ಇಲ್ಲಾಂದ್ರ ಮುಂದಿನ ಐತವಾರದಿಂದ ಬಸ್ಸಿನ್ಯಾಗ ಒಬ್ರ ಹೋಗ್ತೀರಿ."

ಅವನಿಗೂ ಅದೇ ಅಂಜಿಕೆ.

ಕ್ಲಬ್ಬಿನಲ್ಲಿ ಮಧುಸೂದನ್ ಫ್ಲಾಸ್ಕ್ ತೆರೆದರು. "ವತ್ಸಲಾ ಶುಂಠಿ ಟೀ ಕಳ್ಸಿದಾಳೆ, ತಗೊಳ್ಳಿ."

"ಇವತ್ತ ಬ್ಯಾಡ್ರಿ ಸರ."

"ವಾರಾ ವಾರಾ ಎರಡೆರಡು ಕಪ್ ಇಳಿಸ್ತೀರಲ್ಲ ಸ್ವಾಮಿ?"

"ಇವತ್ತ ನಿಮ್ಮ ಮಾಲು ನೋಡಾಕ ಬಂದೀನ್ರಿ."

"ಕೋಡುಬಳೆ?"

"ಅದೂ ಬ್ಯಾಡ್ರಿ."

ಬಂದೂಕು ನೋಡಲು ಸಿನಿಮಾದ ಖಳನಾಯಕ. ಸದ್ದು ಮಾತ್ರ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟು. ತೂಕವಂತೂ ನಿಜವಾದ ಯುದ್ಧದ್ದೇ. ಟ್ರಿಗರ್ ಎಷ್ಟು ಬಿಗಿಯೆಂದರೆ, ಒತ್ತುವಷ್ಟರಲ್ಲಿ ಗುರಿ ಪಕ್ಕಕ್ಕೆ ಸರಿಯುತ್ತಿತ್ತು. ಮ್ಯಾಗಜಿನ್ನಿನಿಂದ ಮೇಲೆ ಬರುವ ಗುಂಡು ಮತ್ತೆ ಮತ್ತೆ ಸಿಕ್ಕಿಕೊಂಡಿತು. ಶಾಂತಪ್ಪ ಒರೆಸಿ, ಎಣ್ಣೆ ಬಿಟ್ಟು, ಬೇರೆ ಕಂಪನಿಯ ಗುಂಡು ಹಾಕಿ ನೋಡಿದ. ಆಗಲೂ ಸಿಕ್ಕಿಕೊಂಡಿತು. ಹಿಂದೆ ನಿಂತಿದ್ದ ಮಧುಸೂದನರ ಮುಖ ನೋಡಲು ಧೈರ್ಯ ಬರಲಿಲ್ಲ. ಆದರೂ ಕಾರ್ಯದರ್ಶಿಯ ಬಳಿ ಹೋಗಿ, ಒಂದೊಂದೇ ಕಾರಣ ಹೇಳಿ, ಕೊಳ್ಳುವುದು ಬೇಡ ಎಂದ.

ಶಾಂತಪ್ಪನೊಂದಿಗೆ ಕಾರು ಹತ್ತಿದ ಮಧುಸೂದನ್ ಮೊದಲು ಸ್ಪೀಕರ್ ಹಾಕಿ ಹೆಂಡತಿಗೆ ಫೋನ್ ಮಾಡಿದರು. "ಕ್ಲಬ್‌ನೋರು ಬೇಡ ಅಂದ್ರು ಕಣೆ. ಶಾಂತಪ್ಪನವರೇ ಟೆಸ್ಟ್ ಮಾಡಿ ಹೇಳಿದ್ದು. ನಿನ್ನ ಟೀನೂ ಮುಟ್ಲಿಲ್ಲ, ಅಷ್ಟು ನಿಯತ್ತು."

"ಹಾಗಾದ್ರೆ ಅದು ವಾಪಸ್ ಮನೆಗೇ ಬರುತ್ತಾ?"

"ನಾನೇನು ಮಾಡ್ಲಿ? ಮಾರೋಕೆ ಪ್ರಯತ್ನ ಪಟ್ಟೆ."

ಫೋನ್ ಇಟ್ಟು ಸೀಟಿ ಹೊಡೆಯತೊಡಗಿದರು. "ಇದು ಸಿಕ್ಕಾಕೊಳ್ಳೋದು ನಂಗೊತ್ತಿಲ್ವೇ ಶಾಂತಪ್ಪನವರೇ? ಮಾರೋಕೆ ಮನಸ್ಸಿರ್ಲಿಲ್ಲ. ನಿಮ್ಮ ಮಾತು ಅಂದ್ರೆ ವತ್ಸಲಾನೂ ನಂಬ್ತಾಳೆ. ಅದಕ್ಕೇ ಕಮಿಟಿಗೆ ನಾನೇ ನಿಮ್ಮ ಹೆಸರು ಹೇಳಿದ್ದು."

"ಹಂಗಾದ್ರ ನಾ ಮಾಡಿದ್ದೇನ್ರಿ ಸರ?"

"ನೀವು ನಿಜ ಹೇಳಿದ್ರಿ. ಸುಳ್ಳಿನ ಡಿಪಾರ್ಟ್‌ಮೆಂಟ್ ನಂದು. ಮುಂದಿನ ವಾರಾನೂ ಕರ್ಕೊಂಡು ಹೋಗೋಕೆ ಬರ್ತೀನಿ, ರೆಡಿ ಇರಿ."

ಬಾಗಿಲಲ್ಲಿ ಚನ್ನಬಸವ್ವ ಕಾದಿದ್ದಳು. "ಖರೇನ ಹೇಳಿದ್ರಿ ಅಂತ ಮಾರಿ ನೋಡಿದ್ರ ತಿಳೀತೈತಿ. ಸರ ಸಿಟ್ಟಾದ್ರೇನ್ರಿ?"

"ಇಲ್ಲ," ಎಂದ ಶಾಂತಪ್ಪ, ಮೋರೆ ಸಣ್ಣದು ಮಾಡಿಕೊಂಡು ಬೂಟು ಬಿಚ್ಚುತ್ತ. "ಭಾಳ ಖುಷಿ ಆದ್ರು."