ನಮ್ಮ ಮನೆಯ ಅಮೇರಿಕಾ ಪಂಡಿತೆ

ನಾನು ಅಮೇರಿಕಾಕ್ಕೆ ಹೋದವಳಲ್ಲ. ಸೊಲ್ಲಾಪುರ ದಾಟಿ ಪುಣೆಯವರೆಗೆ ಹೋಗಿದ್ದೇನೆ, ಅದೂ ಯಾರದೋ ಮದುವೆಗೆ. ಆದರೂ ವಿಜಯಪುರದ ನಮ್ಮ ಓಣಿಯಲ್ಲಿ ಅಮೇರಿಕಾದ ಬಗ್ಗೆ ಯಾರಿಗೆ ಏನು ಅನುಮಾನ ಬಂದರೂ ನನ್ನನ್ನೇ ಕೇಳುತ್ತಿದ್ದರು. ನಾನು ತಿಕೋಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ನಾನು ನೋಡಿದಷ್ಟು ಅಮೇರಿಕಾದ ಧಾರಾವಾಹಿಗಳನ್ನು ಜಿಲ್ಲೆಯಲ್ಲಿ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಕಾಲೇಜಿನ ದಿನಗಳಲ್ಲಿ ಕೇಬಲ್ಲಿನಲ್ಲಿ, ಈಗ ಮೊಬೈಲಿನಲ್ಲಿ. ಬೆಳಿಗ್ಗೆ ತಿಕೋಟಾ ಬಸ್ಸಿನಲ್ಲಿ ಸೀಟು ಸಿಕ್ಕರೆ ಅರ್ಧ ಕಂತು, ಸಂಜೆ ಮರಳುವಾಗ ಉಳಿದರ್ಧ. ಕಂಡಕ್ಟರ್ ಟಿಕೆಟ್ ಕೇಳಿದ್ದು ನನಗೆ ಎಷ್ಟೋ ಸಲ ಕೇಳಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿ ಯಾರೋ ಯಾರನ್ನೋ ಕೊಂದಿರುತ್ತಿದ್ದರು.

ಇಷ್ಟು ಅಧ್ಯಯನದ ಮೇಲೆ ನನಗೆ ಅಮೇರಿಕಾ ಅಂಗೈ ಮೇಲಿನ ಗೆರೆಯಷ್ಟು ಪರಿಚಯವಾಗಿತ್ತು. ಅಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಹೋದರೂ ಮಧ್ಯಾಹ್ನ ಹನ್ನೆರಡಕ್ಕೆ ಸೋಫಾದ ಮೇಲೆ ಗೆಳೆಯರೊಂದಿಗೆ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಯಾರು ಬಂದರೂ ನೇರ ಫ್ರಿಜ್ಜಿಗೆ ಹೋಗಿ, ಬಾಗಿಲು ತೆಗೆದು, ಡಬ್ಬಿಗೆ ಬಾಯಿ ಹಚ್ಚಿ ಹಾಲು ಕುಡಿಯುತ್ತಾರೆ. ಬೂಟು ಹಾಕಿಕೊಂಡೇ ಹಾಸಿಗೆಯ ಮೇಲೆ ಮಲಗುತ್ತಾರೆ. ಫೋನಿನಲ್ಲಿ ಮಾತು ಮುಗಿದರೆ ‘ಇಡ್ತೀನಿ’ ಎನ್ನುವುದಿಲ್ಲ, ಟಕ್ಕನೆ ಕಟ್ ಮಾಡುತ್ತಾರೆ. ಕಸ ಗುಡಿಸುವವರನ್ನಾಗಲಿ ಬಟ್ಟೆ ಒಣಹಾಕುವವರನ್ನಾಗಲಿ ನಾನು ಒಂದು ಕಂತಿನಲ್ಲೂ ಕಂಡಿರಲಿಲ್ಲ. ಇನ್ನು ದುಃಖ ಬಂದರೆ ಅವರು ಒಂದೇ ಮಾತು ಹೇಳುತ್ತಾರೆ: ನನ್ನನ್ನು ಒಂಟಿಯಾಗಿ ಬಿಡಿ. ಹೇಳಿ, ಕಿಟಕಿಯ ಹೊರಗೆ ನೋಡುತ್ತಾರೆ. ಹೊರಗೆ ಮಳೆ ಬರುತ್ತಿರುತ್ತದೆ.

ಹೀಗಿರುವಾಗ ಹೋದ ವರ್ಷ ನಮ್ಮ ಮನೆಯ ಮೇಲಿನ ಕೋಣೆಗೆ ನಿಜವಾದ ಅಮೇರಿಕಾದವಳೇ ಬಂದಳು. ಇಪ್ಪತ್ತೆಂಟರ ಹುಡುಗಿ. ಮಮದಾಪುರದ ಹಳೆಯ ಕೆರೆಗಳ ಮೇಲೆ ಏನೋ ಸಂಶೋಧನೆ. ದಿನಾ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹಿಡಿದು, ಅಲ್ಲಿಂದ ಮಮದಾಪುರಕ್ಕೆ ಹೋಗಿ, ಕೆರೆಯ ಏರಿ ಅಳೆದು, ಕುರಿ ಕಾಯುವವರ ಜೊತೆ ಮಾತಾಡಿ, ಸಂಜೆ ಕೆಂಪು ಮುಖ ಮಾಡಿಕೊಂಡು ಬರುತ್ತಿದ್ದಳು. ಬರುವ ಮೊದಲೇ ಒಂದು ವರ್ಷ ಕೂತು ಪುಸ್ತಕದಿಂದ ಕನ್ನಡ ಕಲಿತಿದ್ದಳು. “ನಾನು ಊಟವನ್ನು ಮಾಡಿದ್ದೇನೆ” ಎಂದು ಅವಳು ಹೇಳಿದ ಮೊದಲ ದಿನ ನಮ್ಮ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು.

“ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡ್ತಾಳಲ್ ಬೇ ಈಕಿ!”

ಓಣಿಯವರೆಲ್ಲ ಕರೆಯುವಂತೆ ಅವಳೂ ಅತ್ತೆಯನ್ನು ‘ಆಯಿ’ ಎಂದು ಕರೆಯತೊಡಗಿದಳು.

ಅವಳು ಬರುವ ಹಿಂದಿನ ದಿನ ನಾನು ಮನೆಯವರಿಗೆ ತರಬೇತಿ ಕೊಟ್ಟಿದ್ದೆ. ಫ್ರಿಜ್ಜಿನಲ್ಲಿ ಅವಳು ಬಾಯಿ ಹಚ್ಚಿ ಕುಡಿಯಲೆಂದೇ ಹಾಲಿನ ಒಂದು ಡಬ್ಬಿ ಬೇರೆ ಇಟ್ಟೆ. ಮೊಸರಿನ ಗಡಿಗೆಯನ್ನು ಹಿಂದಕ್ಕೆ ಬಚ್ಚಿಟ್ಟೆ. ವಯಸ್ಸು, ಮದುವೆ, ಪಗಾರ ಕೇಳಬಾರದು ಎಂದು ಅತ್ತೆಯಿಂದ ಮಾತು ತೆಗೆದುಕೊಂಡೆ. ಈ ಮೂರನ್ನು ಬಿಟ್ಟರೆ ಮನುಷ್ಯರ ಜೊತೆ ಮಾತಾಡಲು ಏನುಳಿಯುತ್ತದೆ ಎಂದು ಅವರು ಕೇಳಿದರು. “ಹವಾ ಬಗ್ಗೆ ಮಾತಾಡ್ರಿ ಅತ್ತಿ,” ಎಂದೆ.

ಆದರೆ ಈ ಹುಡುಗಿ ನನ್ನ ಮರ್ಯಾದೆ ಕಳೆಯಲೆಂದೇ ವಿಮಾನ ಹತ್ತಿದವಳಂತಿದ್ದಳು. ನಸುಕಿನಲ್ಲೆದ್ದು ಮೆಟ್ಟಿಲು ಗುಡಿಸಿದಳು. ಚಪ್ಪಲಿಯನ್ನು ಹೊರಗೇ ಬಿಟ್ಟಳು. ಫ್ರಿಜ್ಜಿನ ಬಾಗಿಲನ್ನು ಮುಟ್ಟಲೂ ಇಲ್ಲ. ನಾಲ್ಕನೇ ದಿನಕ್ಕೆ ಆ ಹಾಲು ಒಡೆದು ನಾನೇ ಚೆಲ್ಲಿದೆ. ಫೋನಿನಲ್ಲಂತೂ ತನ್ನ ಅಜ್ಜಿಯ ಜೊತೆ ಮಾತು ಮುಗಿದ ಮೇಲೆ ಬೈ ಎನ್ನುವುದು, ಮತ್ತೇನೋ ನೆನಪಾಗುವುದು, ಮತ್ತೆ ಬೈ, ಆ ಕಡೆಯಿಂದ ಇನ್ನೊಂದು ಬೈ. ಥೇಟ್ ನಮ್ಮ ಅತ್ತೆ ಘೋಣಸಗಿಯ ತವರಿಗೆ ಫೋನ್ ಮಾಡಿದ ಹಾಗೆ. ನಾನು ಕೆಳಗೆ ನಿಂತು ಇನ್ನಾದರೂ ಟಕ್ಕನೆ ಕಟ್ ಮಾಡಿಯಾಳು ಎಂದು ಕಾದು ಕಾದು ಸಾಕಾಗಿ ಒಳಗೆ ಬರುತ್ತಿದ್ದೆ.

ಒಂದು ಭಾನುವಾರ ಅವಳು ತನ್ನ ಊರಿನ ಫೋಟೊ ತೋರಿಸಿದಳು. ಎತ್ತರದ ಕಟ್ಟಡವೊಂದೂ ಇಲ್ಲ. ಗೋವಿನಜೋಳದ ಹೊಲ, ದನದ ಕೊಟ್ಟಿಗೆ, ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತ ಒಬ್ಬ ಮುದುಕಿ. ತಾಯಿ ತಂದೆ ಬೇರೆಯಾದ ಮೇಲೆ ಅವಳನ್ನು ಸಾಕಿದ ಅಜ್ಜಿ ಅವರೇ. ಅತ್ತೆ ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಅಮೇರಿಕಾದಾಗೂ ರಾಡಿ ಇರ್ತತೇನ ಬೇ?” ಎಂದು ನನ್ನನ್ನೇ ಕೇಳಿದರು, ಇಷ್ಟು ವರ್ಷ ನಾನು ಅದನ್ನು ಮುಚ್ಚಿಟ್ಟವಳಂತೆ.

ಅವಳನ್ನು ಒಮ್ಮೆ ತಿಕೋಟಾದ ನಮ್ಮ ಶಾಲೆಗೂ ಕರೆದೊಯ್ದೆ. ಮಕ್ಕಳಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಅಭ್ಯಾಸವಾಗಲಿ ಎಂಬುದು ನನ್ನ ಆಸೆ. ಮಕ್ಕಳು ಕೇಳಿದ್ದು ಕನ್ನಡದಲ್ಲೇ. ನಿಮ್ಮ ಪಿಸ್ತೂಲು ಎಲ್ಲಿಟ್ಟೀರಿ? ಆಕಾಶದಿಂದ ರಾಕ್ಷಸರು ಇಳಿದಾಗ ನೀವು ಎಲ್ಲಿ ಅಡಗಿಕೊಂಡಿದ್ದಿರಿ? ನಿಮಗೆ ಇದು ಎಷ್ಟನೇ ಗಂಡ? ತನ್ನ ಬಳಿ ಪಿಸ್ತೂಲೂ ಇಲ್ಲ, ಗಂಡನೂ ಇಲ್ಲ, ನ್ಯೂಯಾರ್ಕನ್ನು ತಾನಿನ್ನೂ ಕಂಡೇ ಇಲ್ಲ ಎಂದು ಅವಳು ಒಪ್ಪಿಕೊಂಡಾಗ ಹಿಂದಿನ ಬೆಂಚಿನಲ್ಲಿ ದೊಡ್ಡ ನಿಟ್ಟುಸಿರು ಕೇಳಿಸಿತು. ಅವಳು ಅಮೇರಿಕಾದವಳೇ ಹೌದೋ ಅಲ್ಲವೋ ಎಂಬ ಅನುಮಾನ ಆ ತರಗತಿಯಲ್ಲಿ ಇನ್ನೂ ಉಳಿದಿದೆ.

ಇಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ. ಇವಳು ಹಳ್ಳಿಯವಳು, ಅದಕ್ಕೇ ಹೀಗೆ. ಉಳಿದ ಅಮೇರಿಕಾ ನಾನು ನೋಡಿದ ಹಾಗೆಯೇ ಇದೆ ಎಂದು ಸಮಾಧಾನ ಮಾಡಿಕೊಂಡೆ. ಇಪ್ಪತ್ತು ವರ್ಷದ ವಿದ್ಯೆಯನ್ನು ಯಾರಾದರೂ ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಾರೆಯೇ?

ಒಂದು ಮುಂಜಾನೆ ಅವಳು ಮೆಟ್ಟಿಲಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ನನ್ನ ಅಜ್ಜಿಯವರು ತೀರಿಕೊಂಡಿದ್ದಾರೆ,” ಎಂದಳು.

ಅವಳು ಊರಿಗೆ ಹೋಗುವಂತಿರಲಿಲ್ಲ. ವೀಸಾ ಒಂದೇ ಸಲಕ್ಕೆ ಕೊಟ್ಟದ್ದು, ಹೊರಟರೆ ಮರಳಿ ಬರಲಾಗದು, ಕೆರೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನನಗೇನಾದರೂ ಆದರೆ ಕೆಲಸ ಬಿಟ್ಟು ಓಡಿ ಬರಬೇಡ ಎಂದು ಅಜ್ಜಿಯೇ ಆಣೆ ಮಾಡಿಸಿಕೊಂಡಿದ್ದರಂತೆ. ಇದಿಷ್ಟನ್ನೂ ಅವಳು ಅಳದೆ ಹೇಳಿದಳು. ನಾನು ಹೋಗಿ ಅವಳ ಭುಜದ ಮೇಲೆ ಕೈಯಿಟ್ಟು, ಧಾರಾವಾಹಿಗಳಲ್ಲಿ ಸಾವಿನ ಸುದ್ದಿಗೆ ಹೇಳುವ ಸಮಾಧಾನದ ಇಂಗ್ಲಿಷ್ ವಾಕ್ಯವನ್ನು ಹೇಳಿ, ಅಲ್ಲಿ ಎಷ್ಟು ಹೊತ್ತು ಇಡುತ್ತಾರೋ ಅಷ್ಟೇ ಹೊತ್ತು ಕೈಯಿಟ್ಟು ತೆಗೆದೆ. ಅವಳು ತಲೆಯಾಡಿಸಿ ಮೇಲೆ ಹೋದಳು. ಸರಿಯಾಗಿ ಮಾಡಿದೆ ಎಂದೇ ನನಗನಿಸಿತು.

ಅತ್ತೆ ಆಗಲೇ ಕೈತೊಳೆದು ಎದ್ದಿದ್ದರು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ, ಬ್ಯಾಳಿ, ರೊಟ್ಟಿ ಕಟ್ಟಿಕೊಂಡು ಹೋಗಿ, ಒಲ್ಲೆನೆಂದರೂ ಬಿಡದೆ, ಕೂಡಿಸಿ ಉಣಿಸುತ್ತಾರೆ. ಜೊತೆಗೆ ಕೂತು ಅಳುತ್ತಾರೆ, ಸತ್ತವರ ಸುದ್ದಿ ಕೇಳುತ್ತಾರೆ. ಇದಕ್ಕೆ ನಮ್ಮಲ್ಲಿ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ. ಹೋಗದಿದ್ದರೆ ಜೀವಮಾನವಿಡೀ ಮಾತು ಕೇಳಬೇಕು.

ನಾನು ಅವರನ್ನು ತಡೆದೆ. “ಅತ್ತೀ, ಅವರ ಕಡೆ ಹಂಗಿಲ್ರಿ. ದುಃಖದಾಗ ಅವರನ್ನ ಒಬ್ಬರನ್ನ ಬಿಡಬೇಕ್ರಿ. ಹೋದ್ರ ಅವರಿಗಿ ಇನ್ನಾ ತ್ರಾಸ ಆಗ್ತೈತಿ.”

“ದುಃಖದಾಗ ಒಬ್ಬಾಕಿನ್ನ ಬಿಡೂದಾ? ಯಾರ್ ಹೇಳ್ಯಾರ ನಿನಗ?”

“ನಾ ನೋಡೇನ್ರಿ.”

“ಎಲ್ಲಿ ನೋಡಿದಿ?”

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ನಾನು ಟೀಚರ್ ಧ್ವನಿಯಲ್ಲಿ, “ನನಗ ಗೊತ್ತೈತ್ರಿ,” ಎಂದೆ. ಅತ್ತೆಗೆ ಸಾಲಿ ಕಲಿತವರ ಮೇಲೆ ಗೌರವ ಹೆಚ್ಚು. ಮತ್ತೆ ಒಲೆಯ ಮುಂದೆ ಹೋಗಿ ಕೂತರು.

ಅವತ್ತೂ ಮರುದಿನವೂ ನಾನು ಶಾಲೆಗೆ ರಜೆ ಹಾಕಿ ಮೆಟ್ಟಿಲ ಬುಡದಲ್ಲಿ ಕಾವಲು ಕೂತೆ. ಓಣಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಪಕ್ಕದ ಮನೆಯವರು ಬಿಸಿ ಅನ್ನದ ಬೋಗುಣಿ ಹಿಡಿದು ಬಂದು, ನಾನು ನೀರು ತರಲು ಒಳಗೆ ಹೋದಾಗ ಅರ್ಧ ಮೆಟ್ಟಿಲು ಹತ್ತಿಯೇ ಬಿಟ್ಟಿದ್ದರು. ಕೂಗಿ ಇಳಿಸಿದೆ. ಹಾಲಿನಾಕೆ ಇಟ್ಟಂಗಿಹಾಳದಿಂದ ಬಂದವಳು ಕ್ಯಾನು ಕೆಳಗಿಟ್ಟು ಹತ್ತತೊಡಗಿದಳು, ಅವಳನ್ನೂ ಇಳಿಸಿದೆ. ಒಟ್ಟು ಆರೇಳು ಜನ. ಎಲ್ಲರಿಗೂ ಅಮೇರಿಕಾದ ಪದ್ಧತಿಯನ್ನು ವಿವರಿಸಿ ಹೇಳಿದೆ. ಎಲ್ಲರೂ ನನ್ನನ್ನು ನೋಡಿದ ರೀತಿ ಸರಿಯಿರಲಿಲ್ಲ. ತಿಳಿಯದ ಜನ ಎಂದುಕೊಂಡೆ.

ಅತ್ತೆ ಮಾತ್ರ ಅಡುಗೆಮನೆಯಲ್ಲಿ ಕೂತು ಮೇಲಿನ ಮಾಳಿಗೆಗೆ ಕಿವಿಗೊಟ್ಟಿದ್ದರು. “ತಿರಗ್ಯಾಡಾಕತ್ತಾಳ,” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಈಗ ಕುಂತಾಳ.” ಎರಡನೇ ದಿನ ಮಧ್ಯಾಹ್ನ ತಾಟಿನಲ್ಲಿ ಬಡಿಸಿಕೊಂಡ ರೊಟ್ಟಿಯನ್ನು ಮುರಿಯದೆ ಹಾಗೇ ಕೂತರು. ಆಮೇಲೆ ತಾಟು ಹಿಡಿದೇ ಎದ್ದರು. ಮೊಣಕಾಲು ನೋವಿನಿಂದ ಎರಡು ವರ್ಷ ಮೇಲಿನ ಮಾಳಿಗೆ ಕಂಡವರಲ್ಲ. ನಾನು ಮೆಟ್ಟಿಲಿಗೆ ಅಡ್ಡ ನಿಂತೆ.

“ಬಾಜೂಕ ಸರಿ ಬೇ,” ಎಂದರು. “ಬೈದ್ರ ನನಗ ಬೈತಾಳ. ಬೈಸ್ಕೋತೀನಿ.”

ತಾಟನ್ನು ನನ್ನ ಕೈಗೆ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ಹತ್ತಿದರು. ನಾನು ತಾಟು ಹಿಡಿದು ಹಿಂದೆ ಹೋದೆ. ಬಾಗಿಲಿಗೆ ಅಗುಳಿಯೇ ಹಾಕಿರಲಿಲ್ಲ. ಹುಡುಗಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಅರ್ಧ ತಿಂದ ಬಿಸ್ಕೀಟಿನ ಪಾಕೀಟು. ಅತ್ತೆ ಪಕ್ಕದಲ್ಲಿ ಕುಸಿದು ಕೂತು, ಅವಳ ತಲೆಯನ್ನು ಎದೆಗೆಳೆದುಕೊಂಡು, ನಮ್ಮ ಹೆಂಗಸರು ಅಳುವಂತೆ ಹಾಡ್ಯಾಡಿಕೊಂಡು ಅಳತೊಡಗಿದರು. “ಯವ್ವಾ, ರಾಡ್ಯಾಗ ನಿಂತ ದುಡದ್ಯಲ್ಲ ನನ್ನವ್ವಾ, ಕೂಸಿನ್ನ ಬಿಟ್ಟ ಹೆಂಗ ಹ್ವಾದಿ ನನ್ನವ್ವಾ...” ಫೋಟೊದಲ್ಲಿ ಒಮ್ಮೆ ಕಂಡ ಮುದುಕಿಗಾಗಿ ಓಣಿಯ ಕೊನೆಯವರೆಗೆ ಕೇಳುವಂತೆ ಅತ್ತರು. ನಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ‘ನನ್ನನ್ನು ಒಂಟಿಯಾಗಿ ಬಿಡಿ’ ಎಂಬ ಮಾತು ಈಗ ಬಂತು, ಈಗ ಬಂತು ಎಂದು ಕಾದೆ.

ಬರಲಿಲ್ಲ. ಹುಡುಗಿ ಅತ್ತೆಯ ಸೆರಗು ಹಿಡಿದುಕೊಂಡು ಮಗುವಿನ ಹಾಗೆ ಗೊಳೋ ಎಂದು ಅತ್ತಳು. ಅತ್ತೆ ರೊಟ್ಟಿ ಮುರಿದು ತುತ್ತು ಮಾಡಿ ಬಾಯಿಗಿಟ್ಟರೆ, ಅಳುತ್ತಲೇ ತಿಂದಳು.

ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಊರಲ್ಲಿ ಸಾವಾದರೆ ಸುತ್ತಲಿನ ಎಲ್ಲ ಮನೆಯವರೂ ಅಡುಗೆ ಮಾಡಿ ತರುತ್ತಾರಂತೆ, ಇಡಲು ಜಾಗವಿಲ್ಲದಷ್ಟು. ಇಲ್ಲಿಯೂ ಯಾರಾದರೂ ಬಂದಾರೆಂದು ಎರಡು ದಿನ ಮೆಟ್ಟಿಲ ಸಪ್ಪಳ ಕೇಳುತ್ತ ಕೂತಿದ್ದಳಂತೆ. ಯಾರೋ ಅರ್ಧ ಹತ್ತುವುದು, ಇಳಿದು ಹೋಗುವುದು. ಹೊರಗಿನವರ ಸಾವಿಗೆ ನಿಮ್ಮಲ್ಲಿ ಬರಬಾರದೆಂಬ ಪದ್ಧತಿ ಇದ್ದೀತು ಎಂದುಕೊಂಡೆ, ಎಂದಳು.

“ಏನಂತಾಳ ಬೇ?” ಎಂದರು ಅತ್ತೆ.

ಇಂಗ್ಲಿಷ್ ಕಲಿತದ್ದಕ್ಕೆ ನನಗೆ ಅವತ್ತು ಆದಷ್ಟು ಬೇಸರ ಯಾವತ್ತೂ ಆಗಿಲ್ಲ. ಒಂದು ಮಾತೂ ಬಿಡದೆ ಹೇಳಿದೆ. ಇದನ್ನೆಲ್ಲ ನಾನು ಟಿವಿ ನೋಡಿ ಕಲಿತದ್ದೆಂದು ಇಬ್ಬರಿಗೂ, ಎರಡೂ ಭಾಷೆಯಲ್ಲಿ ಒಪ್ಪಿಕೊಂಡೆ. ಹುಡುಗಿ ಮೂಗೊರೆಸಿಕೊಳ್ಳುತ್ತ ನಕ್ಕುಬಿಟ್ಟಳು. ಟಿವಿಯಲ್ಲಿ ಅಜ್ಜಿ ಸತ್ತರೆ ಆಮೇಲೆ ಜಾಹೀರಾತು ಬರುತ್ತದೆ, ಅಡುಗೆ ತರಲು ಯಾರಿಗೂ ಹೊತ್ತೇ ಇರುವುದಿಲ್ಲ, ಎಂದಳು. ಅತ್ತೆ ನಗಲೂ ಇಲ್ಲ, ಬೈಯಲೂ ಇಲ್ಲ.

“ಹೋಗ, ನೀನ ಇಳಿಸಿದವರನ್ನ ನೀನ ಕರಕೊಂಡ ಬಾ,” ಎಂದರಷ್ಟೇ.

ಇಳಿಸಿದ ಒಬ್ಬೊಬ್ಬರ ಮನೆಗೂ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು. ಪಕ್ಕದ ಮನೆಯವರು ಎಲ್ಲರಿಗಿಂತ ಮುಂದೆ. “ಏನ್ರಿ ಟೀಚರ್, ಈಗರೆ ಒಳಗ ಬಿಡ್ತೀರೇನು?” ಎಂದರು. ನಾನು ಸರಿದು ನಿಂತೆ.

ಹುಡುಗಿ ಎದ್ದು ಅವರ ಬೋಗುಣಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಅದರ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ಕಂಡು, ಅಕ್ಷರ ಕೂಡಿಸಿ ಓದಿದಳು. ಇದು ಯಾರ ಹೆಸರು ಎಂದು ಕೇಳಿದಳು.

“ನಮ್ಮ ಅತ್ತೀದು, ಯವ್ವಾ. ಹೋಗಿ ಹತ್ತ ವರ್ಸ ಆತು. ಇಂಥಾ ಮನಿಗಿ ಒಯ್ದ ಭಾಂಡೆ ತಿರಗಿ ಬರಬೇಕಲ್ಲ, ಅದಕ್ಕ ಹೆಸರ ಹಾಕ್ಸಿರ್ತೇವಿ.”

ಹುಡುಗಿ ಬೋಗುಣಿಯನ್ನು ಕೆಳಗಿಡಲಿಲ್ಲ.

“ನನ್ನ ಅಜ್ಜಿಯವರು ತಮ್ಮ ಪಾತ್ರೆಗಳ ಕೆಳಗೆ ಹೆಸರಿನ ಚೀಟಿಯನ್ನು ಅಂಟಿಸುತ್ತಿದ್ದರು,” ಎಂದಳು. “ಅನೇಕ ಪಾತ್ರೆಗಳು ಮರಳಿ ಬರಲಿಲ್ಲ. ಅವು ಇತರರ ಮನೆಗಳಲ್ಲಿ ಇವೆ. ಈ ವಾರ ನಮ್ಮ ಮನೆಗೆ ಊಟವು ಅವುಗಳಲ್ಲಿಯೇ ಬರುತ್ತಿರಬಹುದು.”

ತನ್ನ ಪುಸ್ತಕದ ಕನ್ನಡದಲ್ಲೇ ಹೇಳಿದಳು. ಅಲ್ಲಿ ಕೂತಿದ್ದ ಯಾರಿಗೂ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.