ಅತ್ತೆ ಕೈ ತೊಳೆದ ಮೇಲೆ

ಸಂಜೆ ಕೈ ತೊಳೆದ ಮೇಲೆ ನಮ್ಮತ್ತೆ ಗಿರಿಜಮ್ಮ ಯಾರ ಮಾತಿಗೂ ಸಿಗುತ್ತಿರಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿ, ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಬಾಗಿಲನ್ನು ಭುಜದಿಂದ ದಬ್ಬಿಕೊಂಡು ಕೋಣೆಗೆ ಬರುತ್ತಿದ್ದರು. ಎದುರಿಗೆ ಸ್ವಂತ ಮಗನೇ ಬಂದರೂ ಕಣ್ಣಲ್ಲೇ ಗದರಿಸಿ ಗೋಡೆಗೆ ಸರಿಸುತ್ತಿದ್ದರು.

ಒಳಗೆ ಮಂಚದ ಮೇಲೆ ನನ್ನ ಮಗಳು ಸಿರಿ ಕಾದಿರುತ್ತಿದ್ದಳು. ಹುಟ್ಟಿದ ಹೊಸತರಲ್ಲೇ ಅವಳ ಕರುಳು ತಿರುಚಿಕೊಂಡು, ಬಹುಪಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಉಳಿದ ತುಂಡಿನಿಂದ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಎದೆಯಲ್ಲಿ ದೊಡ್ಡ ರಕ್ತನಾಳಕ್ಕೆ ಕೂರಿಸಿದ ಸಣ್ಣ ಕೊಳವೆಯಿಂದಲೇ ಊಟ. ಸಂಜೆ ಹಾಲುಬಣ್ಣದ ಚೀಲ ಜೋಡಿಸಿದರೆ ಬೆಳಗಾಗುವವರೆಗೆ ನಿಧಾನವಾಗಿ ಇಳಿಯಬೇಕು. ಕೈಯ ಕೊಳೆ ಒಂದಿಷ್ಟು ತಾಗಿದರೂ ನೇರ ರಕ್ತಕ್ಕೆ ಹೋಗುತ್ತದೆ, ಅದರಿಂದ ಜ್ವರ ಬಂದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಅತ್ತೆ ಮೊದಲು ಇದನ್ನೆಲ್ಲ ಒಪ್ಪಿರಲಿಲ್ಲ. “ಬಾಯಿಂದ ಉಣ್ಣದ್ದು ಎಂಥಾ ಊಟನವ್ವ?” ಎನ್ನುತ್ತಿದ್ದರು. ಮಗುವನ್ನು ಶಿಕಾರಿಪುರದ ಮನೆಗೆ ಕರೆತಂದ ಹೊಸತರಲ್ಲಿ, ನಾನು ಸ್ನಾನಕ್ಕೆ ಹೋದಾಗ, ಕೊಳವೆ ಮೈಯೊಳಗೆ ಹೋಗುವಲ್ಲಿ ಹಚ್ಚಿದ್ದ ಪಟ್ಟಿ ಬಿಡಿಸಿ ವಿಭೂತಿ ಹಚ್ಚಿಬಿಟ್ಟರು. ದೇವರು ಕಾಪಾಡಲಿ ಅಂತಲೇ ಹಚ್ಚಿದ್ದು. ಮಾರನೇ ದಿನಕ್ಕೆ ಸಿರಿಯ ಮೈ ಕೆಂಡ. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ. ಹೇಗೋ ಮಗು ಉಳಿಯಿತು. ಅವತ್ತು ವಾರ್ಡಿನ ಹೊರಗೆ ಅತ್ತೆ ನನ್ನ ಕೈ ಹಿಡಿದು, “ನನ್ನ ಭಕ್ತಿ ನನ್ನ ಹಣಿಮ್ಯಾಲಿರ್ಲಿ ತಂಗಿ. ಇದರ ಪೂಜಿನೇ ಬ್ಯಾರೆ ಐತಿ. ನಂಗೂ ಕಲ್ಸು” ಎಂದರು.

ಈ ವಯಸ್ಸಿನಲ್ಲಿ ಇವರಿಗೆ ಎಲ್ಲಿ ಬಂದೀತು ಎಂದುಕೊಂಡಿದ್ದೆ. ಆದರೆ ದಿನಾ ಮಿಂದು, ಮಾತು ಬಿಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ಕೂತು ಅಭ್ಯಾಸವಾದ ಜೀವ ಅದು. ಮಾಸ್ಕು ಕಟ್ಟಿಕೊಂಡರೆಂದರೆ ಜೋಡಿಸಿ ಮುಗಿಯುವವರೆಗೆ ಮಾತಿಲ್ಲ, ಕತೆಯಿಲ್ಲ. ನಾನು ಗಡಿಬಿಡಿ ಮಾಡಿದರೆ ಮತ್ತೆ ಬಚ್ಚಲಿಗೇ ಅಟ್ಟುತ್ತಿದ್ದರು. ಅಯ್ಯೋ, ಏನು ಕಾಟ ಈ ಮುದುಕಿಯದು ಅಂತ ಎಷ್ಟು ಸಲ ಗೊಣಗಿದ್ದೇನೋ! ಆದರೂ ಅವರ ಕೈಯಲ್ಲಿ ಮಗುವನ್ನು ಬಿಟ್ಟರೆ ನನಗೆ ನಿರಾಳ.

ಒಮ್ಮೆ ಈಸೂರಿನ ನೆಂಟರ ಮನೆಗೆ ಸೀಮಂತಕ್ಕೆ ಹೋಗಿದ್ದೆವು. ಊಟದ ಸಾಲಿನಲ್ಲಿ ಒಬ್ಬಾಕೆ ಸಿರಿಯ ಬಾಯಿಗೆ ಹೋಳಿಗೆ ಹಿಡಿದು, “ಪಾಪ, ಒಂದು ತುತ್ತು ತಿನ್ಲಿ ಬಿಡ್ರಿ” ಎಂದಳು. ಅತ್ತೆ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. “ನಿಮ್ಮ ಕನಿಕರ ನಿಮ್ಮ ಎಲ್ಯಾಗಿರ್ಲಿ. ನನ್ನ ಮೊಮ್ಮಗಳು ಮನಿಗೆ ಹೋಗಿ ಹೊಟ್ಟಿ ತುಂಬ ಉಣ್ತಾಳ.” ವಾಪಸು ಬರುವಾಗ ಬಸ್ಸಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. “ಹೊಟ್ಟಿ ತುಂಬ ಅಂದೆನಲ್ಲ ತಂಗಿ, ಆ ಕೂಸಿಗೆ ಹೊಟ್ಟಿ ತುಂಬೋದು ಅಂದ್ರ ಏನಂತ ಗೊತ್ತೈತೇನು?”

ಹೋದ ವರ್ಷ ಅತ್ತೆಗೆ ಕೆಮ್ಮು ಹತ್ತಿತು. ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ಸೊರಬದ ಕಡೆಯ ಬಸ್ಸು ಹತ್ತಿ, ಉಳವಿಯ ತಮ್ಮನ ಮನೆಗೆ ಹೊರಟುಬಿಟ್ಟರು. “ಕೆಮ್ಮು ಹೋಗ್ಲಿ, ಬರ್ತೀನಿ.” ಕೆಮ್ಮು ಹೋಗಲಿಲ್ಲ. ಸಿರಿಯನ್ನು ಕರೆದುಕೊಂಡು ನೋಡಲು ಹೋದರೆ ಅಂಗಳದಲ್ಲೇ ನಿಲ್ಲಿಸಿದರು. ಬಾಗಿಲು ಹಿಡಿದು ನಿಂತ ಅವರ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

“ಅಜ್ಜೀ, ಊಟ ಆತಾ?” ಸಿರಿ ಅಂಗಳದಿಂದಲೇ ಕೂಗಿದಳು.

ನೀರೂ ಗಂಟಲಿಗೆ ಇಳಿಯದ ಅತ್ತೆ, “ಆತು ಬಂಗಾರ” ಎಂದರು. “ನೀ ಹತ್ರ ಬರಬ್ಯಾಡ.”

ಆ ವಾರವೇ ಹೋದರು. ಸಾವಿನ ಮನೆಗೆ ಮಗುವನ್ನು ಕರೆದೊಯ್ಯುವಂತಿರಲಿಲ್ಲ. ಅತ್ತೆಯನ್ನೂ ನನ್ನನ್ನೂ ಬಿಟ್ಟರೆ ಚೀಲ ಜೋಡಿಸುವುದು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಂದು ದಿನ ತಪ್ಪಿದರೂ ಸಿರಿಗೆ ಅಪಾಯ. ಹಾಗಾಗಿ ಮಣ್ಣಿಗೆ ನನ್ನ ಗಂಡ ಒಬ್ಬರೇ ಹೋದರು.

ಸಂಜೆ ಮಾಸ್ಕು ಕಟ್ಟಿ, ಕೈ ತೊಳೆದು ಚೀಲದ ಮುಂದೆ ಕೂತೆ. ಕಣ್ಣೀರು ಧಾರಾಕಾರ.

“ಅವ್ವಾ, ನಾ ಒರಸ್ಲಾ?” ಎಂದಳು ಸಿರಿ.

ಬೇಡ ಎಂದು ತಲೆಯಾಡಿಸಿದೆ. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು. ಕೈ ಎತ್ತಿ ಒರೆಸಿಕೊಳ್ಳಲಿಲ್ಲ.